ಮೈಲುತುತ್ತದ ಋಣ

ಮುಂಗಾರು ಬಲಿಯುವ ಹೊತ್ತಿಗೆ ಮಲೆನಾಡಿನ ಅಡಕೆ ತೋಟಗಳಲ್ಲಿ ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತವನ್ನೂ ಒಂದು ಕಿಲೋ ಸುಣ್ಣವನ್ನೂ ಸೇರಿಸಿ ಗೊನೆಗಳಿಗೆ ಸಿಂಪಡಿಸುವ ಬೋರ್ಡೋ ದ್ರಾವಣವು ಫ್ರಾನ್ಸಿನ ದ್ರಾಕ್ಷಾವನಗಳಲ್ಲಿ ಜನ್ಮತಾಳಿತು. ದಾರಿಹೋಕರು ಹಣ್ಣು ಕದಿಯದಿರಲೆಂದು ಹಾದಿಬದಿಯ ಬಳ್ಳಿಗಳಿಗೆ ಬಳಿದಿದ್ದ ನೀಲವರ್ಣದ ಲೇಪವೇ ಬೂಜುರೋಗವನ್ನು ತಡೆದುದನ್ನು ಕಂಡ ಸಸ್ಯವಿಜ್ಞಾನಿ ಮಿಲಾರ್ಡೆ, 1885ರಲ್ಲಿ ಅದರ ಗುಣವನ್ನು ಲೋಕಕ್ಕೆ ಸಾರಿದನು. ಮೈಸೂರು ಸಂಸ್ಥಾನದ ಸೇವೆಯಲ್ಲಿದ್ದ ಲೆಸ್ಲಿ ಕೋಲ್ಮನ್ನರು ಅದನ್ನೇ ಅಡಕೆಯ ಕೊಳೆರೋಗಕ್ಕೆ ಪ್ರಯೋಗಿಸಿ ನಮ್ಮ ತೋಟಿಗರಿಗೆ ಮಹೋಪಕಾರವನ್ನು ಮಾಡಿದರು.

ಮೈಲುತುತ್ತದಲ್ಲಿರುವ ತಾಮ್ರವು ಭೂಗರ್ಭದ ಸಹಜ ವಸ್ತುವೆಂಬ ಕಾರಣದಿಂದ ಸಾವಯವ ಕೃಷಿಯೂ ಅದಕ್ಕೆ ಮಿತವಾದ ಸಮ್ಮತಿಯನ್ನಿತ್ತಿದೆ. ಆದರೆ ಅದು ಮೂಲಧಾತು. ಎಲೆ ಕೊಳೆಯುವಂತೆ ಕೊಳೆಯದು, ಕರಗಿ ಇಲ್ಲವಾಗದು. ವರ್ಷವರ್ಷವೂ ಮಳೆಯೊಡನೆ ಕೆಳಗಿಳಿದು ಮೇಲ್ಮಣ್ಣಿನಲ್ಲಿ ಸಂಚಿತವಾಗುತ್ತಾ, ಎರೆಹುಳುಗಳಿಗೂ ಸೂಕ್ಷ್ಮಜೀವಿಗಳಿಗೂ ಕ್ರಮೇಣ ವಿಷವಾಗುತ್ತದೆ. ಆದುದರಿಂದಲೇ ಐರೋಪ್ಯ ಒಕ್ಕೂಟವು 2019ರಿಂದ ಹೆಕ್ಟೇರಿಗೆ ಏಳು ವರ್ಷಗಳಲ್ಲಿ ಒಟ್ಟು 28 ಕಿಲೋ ತಾಮ್ರವೆಂಬ ಮಿತಿಯನ್ನು ವಿಧಿಸಿದೆ.

ಹಾಗಾದರೆ ಪರ್ಯಾಯವೇನು? ಕೊಳೆರೋಗದ ಬೀಜಾಣುಗಳು ನೀರಿನ ತೆಳುಪೊರೆಯಲ್ಲಿ ಈಜಿ ಕಾಯಿಯನ್ನು ಸೇರುವಂಥವು. ಕಾಯಿ ಒದ್ದೆಯಾಗದಿದ್ದರೆ ರೋಗಕ್ಕೆ ಪ್ರವೇಶವಿಲ್ಲ. ದ್ರಾವಣದ ಹೆಸರೇ ಕೇಳರಿಯದ ಕಾಲದಲ್ಲಿ ನಮ್ಮ ಹಿರಿಯರು ಗೊನೆಗಳಿಗೆ ಕಟ್ಟುತ್ತಿದ್ದ ಕೊಟ್ಟೆಯೆಂಬ ಮಳೆಹೊದಿಕೆಯು ಈ ತತ್ತ್ವವನ್ನೇ ಆಶ್ರಯಿಸಿತ್ತು. ಇಂದು ಅದರ ಸ್ಥಾನದಲ್ಲಿ ಪ್ಲಾಸ್ಟಿಕ್ ಹಾಳೆ ಬಂದಿದೆ. ಬಸಿಗಾಲುವೆಯನ್ನು ತೆರವಾಗಿಡುವುದು, ಉದುರಿದ ಕೊಳೆಗಾಯಿಗಳನ್ನು ಆಯ್ದು ತೋಟದಿಂದ ಹೊರಸಾಗಿಸುವುದು, ಗಾಳಿಬೆಳಕುಗಳಿಗೆ ಎಡೆಮಾಡುವುದು ಇವೂ ಈ ರೋಗತಡೆಯ ಅಂಗಗಳೇ. ಅಡಕೆಗೆ ಹಬ್ಬಿದ ಮೆಣಸಿನ ಬಳ್ಳಿಯ ಸೊರಗುರೋಗಕ್ಕೆ ಟ್ರೈಕೋಡರ್ಮಾ ಎಂಬ ಮಿತ್ರಶಿಲೀಂಧ್ರವನ್ನು ಬೇವಿನಹಿಂಡಿಯೊಡನೆ ಬುಡಕ್ಕೆ ನೀಡುವುದುಂಟು. ಯೂರೋಪಿನಲ್ಲಿ ರೋಗನಿರೋಧಕ ದ್ರಾಕ್ಷಿ, ಆಲೂಗಡ್ಡೆ ತಳಿಗಳನ್ನೂ, ಸಸ್ಯದ ಸ್ವರಕ್ಷಣಾಶಕ್ತಿಯನ್ನು ಎಚ್ಚರಿಸುವ ಕಡಲಪಾಚಿಯ ಸಾರವನ್ನೂ ಬಳಸುತ್ತಾರೆ.

ಆಷಾಢದ ಜಡಿಮಳೆಯಲ್ಲಿ ಇವುಗಳಲ್ಲಿ ಯಾವುದೊಂದೂ ಏಕಾಕಿಯಾಗಿ ತಾಮ್ರದಷ್ಟು ದೃಢವಾಗಿ ನಿಲ್ಲಲಾರದೆಂಬುದನ್ನು ಒಪ್ಪಲೇಬೇಕು. ಒಂದು ದ್ರಾವಣಕ್ಕೆ ಇನ್ನೊಂದು ದ್ರಾವಣವನ್ನು ಹುಡುಕುವುದಕ್ಕಿಂತ, ಅನೇಕ ಸಣ್ಣ ಉಪಾಯಗಳನ್ನು ಒಂದಾಗಿ ಹೆಣೆದು ಸಿಂಪರಣೆಯನ್ನು ಒಂದೊಂದಾಗಿ ಕುಗ್ಗಿಸುತ್ತ ಹೋಗುವುದೇ ವಿವೇಕದ ಮಾರ್ಗ. ಶತಮಾನದ ಕಾಲ ನಮ್ಮ ಫಸಲನ್ನು ಕಾದ ಮೈಲುತುತ್ತದ ಋಣ ದೊಡ್ಡದು. ಆ ಫಸಲನ್ನು ಹೊತ್ತ ಮಣ್ಣಿನ ಋಣ ಅದಕ್ಕಿಂತಲೂ ಹಿರಿದು.