ಹಗುರ ವಿಮಾನಕ್ಕೆ ರಾಕೆಟ್ ಕಟ್ಟಿದರೆ

1971ರ ಡಿಸೆಂಬರ್ 3ರ ರಾತ್ರಿ ಪೂರ್ವ ಪಾಕಿಸ್ತಾನದ (ಇಂದಿನ ಬಾಂಗ್ಲಾದೇಶದ) ಎರಡು ತೈಲ ಡಿಪೊಗಳು ಹೊತ್ತಿ ಉರಿದವು. ಒಂದು ನಾರಾಯಣಗಂಜ್ ಬಳಿಯ ಗೋದ್ನೈಲ್‌ನಲ್ಲಿತ್ತು, ಇನ್ನೊಂದು ಚಿತ್ತಗಾಂಗ್‌ನಲ್ಲಿ. ಗೋದ್ನೈಲ್‌ಗೆ ಬೆಂಕಿ ಇಟ್ಟದ್ದು ಒಂದು ಅಲೂಯೆಟ್ ಹೆಲಿಕಾಪ್ಟರ್. ಇದೇ ಮಾದರಿಯನ್ನು ಬೆಂಗಳೂರಿನ ಎಚ್‌ಎಎಲ್ ಚೇತಕ್ ಎಂಬ ಹೆಸರಿನಲ್ಲಿ ತಯಾರಿಸುತ್ತಿತ್ತು. ಚಿತ್ತಗಾಂಗ್‌ಗೆ ಹೋದದ್ದು ಆಟರ್ ಎಂಬ ಒಂಟಿ ಎಂಜಿನ್ ವಿಮಾನ; ಕೆನಡಾದ ಕಾಡುಮೇಡುಗಳಿಗೆ ಜನರನ್ನೂ ಸಾಮಾನನ್ನೂ ಸಾಗಿಸಲು ರೂಪಿಸಿದ್ದು. ನಾಗಾಲ್ಯಾಂಡಿನ ದಿಮಾಪುರದಲ್ಲಿ ಸೆಪ್ಟೆಂಬರ್ ಕೊನೆಗೆ ಹುಟ್ಟಿಕೊಂಡ 'ಕಿಲೊ ಫ್ಲೈಟ್' ಎಂಬ ಬಾಂಗ್ಲಾ ಪೈಲಟ್‌ಗಳ ಪುಟ್ಟ ಪಡೆ ಇವೆರಡನ್ನೂ ಯುದ್ಧಕ್ಕೆ ಸಜ್ಜುಗೊಳಿಸಿತ್ತು. ಆಟರ್‌ನ ಒಂದೊಂದು ರೆಕ್ಕೆಯಡಿ ಏಳೇಳು ರಾಕೆಟ್. ಬಾಗಿಲಿನಿಂದ ಕೈಯಲ್ಲೇ ಉರುಳಿಸಬೇಕಾದ 25 ಪೌಂಡಿನ ಬಾಂಬುಗಳು. ಹೆಲಿಕಾಪ್ಟರಿನ ಎರಡು ಪಕ್ಕಗಳಲ್ಲಿ ಒಟ್ಟು 14 ರಾಕೆಟ್, ಜೊತೆಗೆ ಮೆಷಿನ್ ಗನ್. ಕೆಳಗಿನಿಂದ ಬರುವ ಗುಂಡಿಗೆ ತಡೆಯಾಗಲೆಂದು ಅದರ ನೆಲಕ್ಕೆ ಒಂದು ಇಂಚು ದಪ್ಪದ ತಗಡನ್ನು ಬೆಸುಗೆ ಹಾಕಿದ್ದರು. ಸುಲ್ತಾನ್ ಮಹಮೂದ್ ಹೆಲಿಕಾಪ್ಟರನ್ನೂ ಶಂಸುಲ್ ಆಲಂ ಆಟರನ್ನೂ ಹಾರಿಸಿದರು. ಈ ಕಥೆ ಹೇಳುವವರು ಸಾಮಾನ್ಯವಾಗಿ ಧೈರ್ಯವನ್ನೂ ಜುಗಾಡನ್ನೂ ಹೊಗಳಿ ಮುಗಿಸುತ್ತಾರೆ. ಆ ಹೊಗಳಿಕೆ ಸಲ್ಲತಕ್ಕದ್ದೇ. ಆದರೆ ಆ ರಾತ್ರಿಯ ಗೆಲುವಿನಲ್ಲಿ ದೊಡ್ಡ ಪಾಲು ಗುರಿಯ ಆಯ್ಕೆಯದು ಎಂಬುದು ನನ್ನ ವಾದ.

ಹಗುರ ವಿಮಾನಕ್ಕೆ ರಾಕೆಟ್ ಒಗ್ಗುವುದೇಕೆ ಎಂಬುದನ್ನು ಮೊದಲು ನೋಡೋಣ. ಫಿರಂಗಿ ಹಾರಿಸಿದಾಗ ಅದರ ಒದೆತವನ್ನು ವಿಮಾನದ ಮೈ ತಾಳಿಕೊಳ್ಳಬೇಕು. ತೆಳು ತಗಡಿನ ಚೌಕಟ್ಟಿಗೆ ಅದು ಸುಲಭದ ಮಾತಲ್ಲ. ರಾಕೆಟ್ ತನ್ನದೇ ಇಂಧನ ಉರಿಸಿಕೊಂಡು ಹೊರಡುತ್ತದೆ, ಬಿಸಿ ಅನಿಲ ಕೊಳವೆಯ ಹಿಂದಿನಿಂದ ಹೊರಬೀಳುತ್ತದೆ, ರೆಕ್ಕೆಗೆ ಬೀಳುವ ಹೊಡೆತ ಅಲ್ಪ. ಹಾಗಾಗಿ ಒಂದು ಕೊಳವೆ ಗೊಂಚಲು, ಒಂದಿಷ್ಟು ತಂತಿ, ಒಂದು ಗುಂಡಿ ಇದ್ದರೆ ಕೆಲಸ ನಡೆಯುತ್ತದೆ. ತೊಂದರೆ ಇರುವುದು ಆಮೇಲೆ. ದಿಕ್ಕು ತಿದ್ದುವ ಸಾಧನವಿಲ್ಲದ ರಾಕೆಟ್ಟಿಗೆ ಗುರಿ ಹಿಡಿಯುವುದೆಂದರೆ ಇಡೀ ವಿಮಾನವನ್ನೇ ಗುರಿಯ ಕಡೆ ತಿರುಗಿಸಿ, ಅಲುಗಾಡದಂತೆ ಹಿಡಿದು, ಅದರತ್ತಲೇ ನುಗ್ಗುವುದು. ಕೆಳಗಿರುವ ಬಂದೂಕಿನವನಿಗೂ ಗುರಿ ಹಿಡಿಯಲು ಅದೇ ಸುಸಮಯ! ರಾಕೆಟ್ಟಿನ ಬಾಲದ ರೆಕ್ಕೆಗಳಿಗೆ ಗಾಳಿಯ ರಭಸ ಸಿಕ್ಕಷ್ಟೂ ಅದು ನೇರ ಹೋಗುತ್ತದೆ. ನಿಧಾನಗತಿಯ ವಿಮಾನದಿಂದ ಬಿಟ್ಟರೆ ಮೊದಲ ಕ್ಷಣಗಳಲ್ಲಿ ಆ ರಭಸವೇ ಇಲ್ಲ. ಹೀಗಾಗಿ ರಾಕೆಟ್‌ಗಳು ಚೆದುರುತ್ತವೆ. ಚೆದುರಿದರೂ ನಷ್ಟವಾಗದಷ್ಟು ದೊಡ್ಡ ಗುರಿ, ಒಂದು ತಗುಲಿದರೂ ಉಳಿದದ್ದನ್ನು ಬೆಂಕಿಯೇ ಮಾಡಿ ಮುಗಿಸುವ ಗುರಿ ಬೇಕು. ತೈಲದ ಟ್ಯಾಂಕು ಅಂಥದು. ಅದು ಓಡಿಹೋಗುವುದೂ ಇಲ್ಲ.

ಇದಕ್ಕೂ ಎರಡು ವರ್ಷ ಮುಂಚೆ, ನೈಜೀರಿಯದಿಂದ ಸಿಡಿದು ನಿಂತಿದ್ದ ಬಿಯಾಫ್ರಾ ಇದೇ ಲೆಕ್ಕವನ್ನು ಇನ್ನೂ ಚಿಕ್ಕ ವಿಮಾನದಲ್ಲಿ ಮಾಡಿತ್ತು. ಸ್ವೀಡನ್ನಿನ ಕಾರ್ಲ್ ಗುಸ್ತಾಫ್ ಫಾನ್ ರೋಸೆನ್ ಐದು ಎಂಎಫ್‌ಐ-9ಬಿ ವಿಮಾನಗಳನ್ನು ತರಿಸಿ, ಒಂದೊಂದಕ್ಕೂ 68 ಮಿ.ಮೀ.ನ 12 ರಾಕೆಟ್ ಕಟ್ಟಿಸಿದ. ಎಂಜಿನ್ನಿನ ಬಲ ಬರೀ 100 ಅಶ್ವಶಕ್ತಿ. 1969ರ ಮೇ 22ರಂದು ಮರದೆತ್ತರದಲ್ಲಿ ಹಾರಿ ಬಂದ ಈ ಗುಂಪು ಪೋರ್ಟ್ ಹಾರ್ಕೋರ್ಟ್ ವಿಮಾನ ನಿಲ್ದಾಣದ ಮೇಲೆ ಎರಗಿತು. ಅಲ್ಲೂ ಗುರಿ ಅದೇ ಜಾತಿಯದು: ನೆಲದ ಮೇಲೆ ನಿಂತಿದ್ದ ವಿಮಾನಗಳು. ದಾಳಿ ಸುದ್ದಿಯಾಯಿತು, ಆದರೂ 1970ರ ಜನವರಿಯಲ್ಲಿ ಬಿಯಾಫ್ರಾ ಶರಣಾಯಿತು. ಇಂಥ ವಿಮಾನ ಒಂದು ದಾಳಿಯನ್ನು ಗೆದ್ದುಕೊಡಬಹುದು, ಯುದ್ಧವನ್ನಲ್ಲ.

ಎದುರಾಳಿ ಎಚ್ಚರವಾಗಿದ್ದರೆ ಏನಾಗುತ್ತದೆಂಬುದಕ್ಕೆ ನಮ್ಮದೇ ಪುರಾವೆ ಇದೆ. ಕಾರ್ಗಿಲ್‌ನಲ್ಲಿ ವಾಯುಪಡೆ ಎಂಐ-17 ಸಾಗಣೆ ಹೆಲಿಕಾಪ್ಟರ್‌ಗಳಿಗೆ 57 ಮಿ.ಮೀ. ರಾಕೆಟ್ ಅಳವಡಿಸಿ ಶಿಖರಗಳ ಮೇಲಿನ ನೆಲೆಗಳತ್ತ ಕಳಿಸಿತು. 1999ರ ಮೇ 28ರಂದು ತೋಲೋಲಿಂಗ್ ಬಳಿ ಅವುಗಳಲ್ಲಿ ಒಂದು ಹೆಗಲ ಮೇಲಿಂದ ಹಾರಿಸುವ ಕ್ಷಿಪಣಿಗೆ ಬಲಿಯಾಯಿತು. ನಾಲ್ವರು ಯೋಧರು ಮಡಿದರು. ಕ್ಷಿಪಣಿಯನ್ನು ದಾರಿ ತಪ್ಪಿಸುವ ಉರಿಬತ್ತಿ, ಅಂದರೆ ಫ್ಲೇರ್, ಉಗುಳುವ ವ್ಯವಸ್ಥೆ ಆ ಹೆಲಿಕಾಪ್ಟರಿನಲ್ಲಿರಲಿಲ್ಲ. ಆಮೇಲೆ ಎಂಐ-17ಗಳನ್ನು ದಾಳಿಯ ಕೆಲಸದಿಂದ ಹಿಂದಕ್ಕೆ ಕರೆಸಿಕೊಂಡರು. ಅವು ಆಟರ್‌ಗಿಂತ ಎಷ್ಟೋ ಪಟ್ಟು ಬಲಶಾಲಿ. ಆದರೆ ಬಂಡೆಗಳ ನಡುವೆ ಅವಿತ ಬಂಕರ್ ತೈಲದ ಟ್ಯಾಂಕಲ್ಲ, ಅಲ್ಲಿದ್ದವರು ನಿದ್ದೆಯಲ್ಲೂ ಇರಲಿಲ್ಲ.

ಹಾಗಾದರೆ ಎಚ್‌ಎಎಲ್‌ನ ಪ್ರಚಂಡ್ ಹಗುರ ಹೆಲಿಕಾಪ್ಟರೇ ಅಲ್ಲವೇ, ಅದಕ್ಕೂ ರಾಕೆಟ್ ಮತ್ತು ಗನ್ ಇಲ್ಲವೇ ಎಂದು ಕೇಳಬಹುದು. ಇವೆ: 70 ಮಿ.ಮೀ. ರಾಕೆಟ್, 20 ಮಿ.ಮೀ. ಗನ್. ಆದರೆ 2022ರ ಅಕ್ಟೋಬರ್‌ನಲ್ಲಿ ವಾಯುಪಡೆ ಸೇರಿದ ಈ 5.8 ಟನ್ನಿನ ಯಂತ್ರ ಕಾರ್ಗಿಲ್‌ನ ಪಾಠದಿಂದ ಹುಟ್ಟಿದ್ದು. ಪೈಲಟ್‌ಗಳು ಒಬ್ಬರ ಹಿಂದೊಬ್ಬರು ಕೂರುವ ಕಿರಿದಾದ ಮೈ, ಕ್ಷಿಪಣಿಯ ಮುನ್ಸೂಚನೆ, ಫ್ಲೇರ್, ಎತ್ತರದ ತೆಳುಗಾಳಿಯಲ್ಲೂ ಏರಬಲ್ಲ ಎಂಜಿನ್, ಇವೆಲ್ಲ ನಕ್ಷೆಯಲ್ಲೇ ಇದ್ದವು. ಅದು ಹಗುರವಾದದ್ದು ಟನ್ನಿನಲ್ಲಿ, ಖರ್ಚಿನಲ್ಲಲ್ಲ. ಇನ್ನೊಂದು ಆಕ್ಷೇಪ ಇದಕ್ಕಿಂತ ಗಟ್ಟಿ: ಈಗ ಲೇಸರ್ ಹಿಡಿದು ಹೋಗುವ ರಾಕೆಟ್‌ಗಳು ಬಂದಿವೆ, ಚೆದುರುವ ಸಮಸ್ಯೆ ತೀರಿತಲ್ಲ? ತೀರಿತು, ನಿಜ. ಎದುರಾಳಿಗೆ ಕ್ಷಿಪಣಿ ಇಲ್ಲದ ಕಡೆ ಬ್ರೆಜಿಲ್‌ನ ಸೂಪರ್ ಟುಕಾನೊದಂಥ ಅಗ್ಗದ ವಿಮಾನಗಳು ಚೆನ್ನಾಗಿಯೇ ದುಡಿದಿವೆ. ಆದರೆ ಲೇಸರ್ ರಾಕೆಟ್ಟಿಗೆ ಕಣ್ಣು ಕೊಟ್ಟಿತೇ ಹೊರತು ವಿಮಾನಕ್ಕೆ ಕವಚ ಕೊಡಲಿಲ್ಲ.

ನಮ್ಮ ವಾಯುಪಡೆ ಎಚ್‌ಎಎಲ್‌ನಿಂದ 70 ಎಚ್‌ಟಿಟಿ-40 ತರಬೇತಿ ವಿಮಾನಗಳನ್ನು ಕೊಳ್ಳುತ್ತಿದೆ. ಇಂಥ ವಿಮಾನಕ್ಕೂ ಶಸ್ತ್ರ ಕಟ್ಟೋಣವೆಂಬ ಮಾತು ಆಗಾಗ ಬರುತ್ತದೆ. ಕಟ್ಟುವುದಾದರೆ ಗಡಿಯ ಬಂಕರ್‌ಗಳ ಮೇಲೆ ಕಳಿಸಲು ಬೇಡ. 2024ರಲ್ಲಿ ಉಕ್ರೇನ್ ಹಳೆಯ ಯಾಕ್-52 ತರಬೇತಿ ವಿಮಾನದ ಹಿಂದಿನ ಸೀಟಿನಲ್ಲಿ ಬಂದೂಕಿನವನನ್ನು ಕೂರಿಸಿ ರಷ್ಯಾದ ಬೇಹು ಡ್ರೋನ್‌ಗಳನ್ನು ಹೊಡೆದುರುಳಿಸಿತು. ಡ್ರೋನ್ ನಿಧಾನ, ಅಗ್ಗ, ಅದು ತಿರುಗಿ ಗುಂಡು ಹಾರಿಸುವುದಿಲ್ಲ. ಅದರ ಮೇಲೆ ಕೋಟಿಗಟ್ಟಲೆ ಬೆಲೆಯ ಕ್ಷಿಪಣಿ ಸುಡುವುದು ದುಂದು. ಹಗುರ ವಿಮಾನದ ಗನ್ನಿಗೆ ಇವತ್ತು ತಕ್ಕ ಗುರಿ ಅದೇ.