ಕಳಪೆ ಅಂದರೆ ಯಾವುದು? ಕೆಟ್ಟದ್ದೆಲ್ಲ ಕಳಪೆಯಲ್ಲ!

ಕಾರವಾರ: ಹೊಸ ಡಾಂಬರು ಒಂದೇ ಮಳೆಗೆ ಎದ್ದರೆ ‘ಕಳಪೆ’. ತೊಗರಿಬೇಳೆ ಬೇಯದಿದ್ದರೆ ‘ಕಳಪೆ’. ಬಸ್ಸಿನ ಸೀಟು ಹರಿದಿದ್ದರೆ ಅದೂ ‘ಕಳಪೆ’! ಎಲ್ಲದಕ್ಕೂ ಒಂದೇ ಮಾತು ಹೇಳುತ್ತ ಹೋದರೆ ತಪ್ಪು ಮಾಡಿದವ ಜಾರಿಕೊಳ್ಳುತ್ತಾನೆ, ಮಾಡದವ ಸಿಕ್ಕಿಬೀಳುತ್ತಾನೆ.

ಕಳಪೆ ಎಂದರೆ ಇರಬೇಕಾದಷ್ಟು ಗುಣಮಟ್ಟ ಇಲ್ಲದ್ದು. ಬಂಗಡೆ ನಾರಿದರೆ ಅದು ಕೆಟ್ಟ ಮೀನು. ಮೆಣಸಿನಪುಡಿಗೆ ಇಟ್ಟಿಗೆಪುಡಿ ಸೇರಿದರೆ ಕಲಬೆರಕೆ. ಬೇರೆ ಕಂಪನಿಯ ಚೀಟಿ ಅಂಟಿಸಿದರೆ ನಕಲಿ.

ಅಂಕೋಲೆಯ ಇಶಾಡ ಮಾವನ್ನೇ ನೋಡಿ. 2023ರಲ್ಲಿ ಜಿಐ ಮಾನ್ಯತೆ ಪಡೆದ ಕರಿ ಇಶಾಡಕ್ಕೆ ಸಿಪ್ಪೆ ತೆಳು, ತಿರುಳು ಜಾಸ್ತಿ, ಸಿಹಿಯೂ ಜಾಸ್ತಿ. ಬಿಳಿ ಇಶಾಡಕ್ಕೆ ಸಿಪ್ಪೆ ದಪ್ಪ, ತಿರುಳು ಕಮ್ಮಿ. ಹಾಗಂತ ಬಿಳಿಯದು ಕಳಪೆಯೇ? ಅಲ್ಲವೇ ಅಲ್ಲ. ಅದರ ದರಕ್ಕೆ ಅದು ಸರಿ. ಬಿಳಿಯದನ್ನೇ ಕರಿ ಅಂತ ಹೇಳಿ ಮಾರಿದರೆ ಮಾತ್ರ ಅದು ಮೋಸ. ತಪ್ಪು ಹಣ್ಣಿನದಲ್ಲ, ಮಾರಿದವನದು.

ಅಂಗಡಿಕಾರರಿಗೆ ಇದು ಬರೀ ಮಾತಿನ ಲೆಕ್ಕವಲ್ಲ, ದುಡ್ಡಿನ ಲೆಕ್ಕ. 2006ರ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯ್ದೆ ಕಳಪೆ ಆಹಾರವನ್ನೂ ಅಸುರಕ್ಷಿತ ಆಹಾರವನ್ನೂ ಬೇರೆ ಬೇರೆ ಇಟ್ಟಿದೆ. ನಿಗದಿ ಮಾಡಿದ ಮಟ್ಟ ಮುಟ್ಟದೆ, ಆದರೂ ಅಪಾಯವಿಲ್ಲದ ಆಹಾರ ಕಳಪೆ. 51ನೇ ಕಲಮಿನಂತೆ ಅದಕ್ಕೆ 5 ಲಕ್ಷ ರೂಪಾಯಿವರೆಗೂ ದಂಡ ಬೀಳಬಹುದು. ತಯಾರಿಸಿದವನಿಗಷ್ಟೇ ಅಲ್ಲ, ದಾಸ್ತಾನು ಇಟ್ಟವನಿಗೂ ಮಾರಿದವನಿಗೂ! ಅಸುರಕ್ಷಿತ ಅಂತ ಸಾಬೀತಾದರೆ ಜೈಲೂ ಇದೆ. ಮಾಲು ತಂದ ಬಿಲ್ಲನ್ನು ಜೋಪಾನವಾಗಿ ಇಟ್ಟುಕೊಳ್ಳುವುದು ಒಳ್ಳೆಯದು.

ಇನ್ನು ಪ್ರಯಾಣಿಕರ ಮಾತು. 2024ರ ಆಗಸ್ಟ್ 7ರಂದು ನಡುರಾತ್ರಿ ದಾಟಿದ ಮೇಲೆ ಕೋಡಿಬಾಗದಲ್ಲಿ ಕಾಳಿ ನದಿಯ ಹಳೇ ಸೇತುವೆ ಕುಸಿಯಿತು. ಲಾರಿಯೊಂದು ನದಿಗೆ ಬಿತ್ತು. ಚಾಲಕನ ಜೀವ ಉಳಿಯಿತು. ಇಂಥ ಹೊತ್ತಿನಲ್ಲಿ ‘ಕಳಪೆ’ ಅನ್ನುವುದು ಸುಲಭ. ಆದರೆ ಸುಮಾರು 40 ವರ್ಷ ಬಸ್ಸು, ಲಾರಿ ಹೊತ್ತ ಸೇತುವೆ ಅದು. ಕಟ್ಟುವಾಗಲೇ ಕಬ್ಬಿಣ, ಸಿಮೆಂಟು ಕಮ್ಮಿಯಾಗಿದ್ದರೆ ಕಳಪೆ. ಹಳತಾದ ಮೇಲೆ ಯಾರೂ ಸರಿಯಾಗಿ ತಪಾಸಣೆ ಮಾಡದಿದ್ದರೆ ಅದು ನಿರ್ಲಕ್ಷ್ಯ. ಮೊದಲನೆಯದಕ್ಕೆ ಕಟ್ಟಿದವರು ಉತ್ತರ ಕೊಡಬೇಕು, ಎರಡನೆಯದಕ್ಕೆ ನೋಡಿಕೊಳ್ಳಬೇಕಾದವರು.

ಹಾಗಾಗಿ ರಸ್ತೆಯಾಗಲಿ, ಬೇಳೆಯಾಗಲಿ, ‘ಕಳಪೆ’ ಅನ್ನುವ ಮೊದಲು ಇನ್ನೊಂದು ಮಾತು ಕೇಳಿ: ಎಷ್ಟು ಇರಬೇಕಿತ್ತು, ಎಷ್ಟು ಇದೆ? ಟೆಂಡರಿನಲ್ಲಿ ಬರೆದ ಡಾಂಬರಿನ ದಪ್ಪ ಕೇಳಿದರೆ ಗುತ್ತಿಗೆದಾರ ಉತ್ತರ ಹೇಳಲೇಬೇಕು. ಬರೀ ‘ಕಳಪೆ’ ಅಂದರೆ ಅವನು ನಕ್ಕು ಮುಂದೆ ಹೋಗುತ್ತಾನೆ.