ಸೆರೆಮನೆಯಲ್ಲಿ ಕಲಿತ ಕಸಬು

“ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ?” ಎಂಬ ಗಾದೆಯನ್ನು ನಮ್ಮ ಹಿರಿಯರು ಎಷ್ಟು ಸಲ ಹೇಳಿಲ್ಲ! ಹದಿನೈದರಲ್ಲಿ ಕೆಟ್ಟ ಹುಡುಗನು ಮೂವತ್ತರಲ್ಲಿ ನೆಟ್ಟಗಾಗಲಾರನೆಂದು ಊರಿಗೆ ಊರೇ ತೀರ್ಪಿತ್ತುಬಿಡುತ್ತದೆ. ಈ ತೀರ್ಪು ಎಲ್ಲರಿಗೂ ಸಲ್ಲದೆಂಬುದಕ್ಕೆ ಅಮೆರಿಕದ ಲಾಸ್ ಏಂಜಲಿಸ್ ನಗರದ ಹಚ್ಚೆಗಾರ ಫ್ರೆಡ್ಡಿ ನೆಗ್ರೆಟ್ಟೆಯ ಬಾಳು ಒಂದು ನಿದರ್ಶನವಾಗಿದೆ. ಮಕ್ಕಳ ಚಿಂತೆಯುಳ್ಳ ವಾಚಕರೆಲ್ಲರೂ ಇದನ್ನು ತಿಳಿಯಬೇಕೆಂದು ನಮ್ಮ ಅಪೇಕ್ಷೆ.

ಹಚ್ಚೆಯೇನೋ ನಮಗೆ ಹೊಸದಲ್ಲ. ಕೊರವಂಜಿಯರು ಊರೂರು ತಿರುಗಿ ನಮ್ಮ ಅಜ್ಜಿಯಂದಿರ ಮುಂಗೈಗೆ ಹಸುರು ಹಚ್ಚೆ ಚುಚ್ಚುತ್ತಿದ್ದರು. ಮೈಮೇಲಿನ ಚಿನ್ನ ಹೋದರೂ ಹಚ್ಚೆ ಕೊನೆಯತನಕ ಜೊತೆಗೆ ಬರುವುದೆಂಬುದು ಆ ಮುದುಕಿಯರ ಮಾತು. ಅದು ನಿಜವೂ ಹೌದು. ಸೂಜಿಯು ಮೇಲ್ಚರ್ಮವನ್ನು ದಾಟಿ ಒಳಚರ್ಮದಲ್ಲಿ ಮಸಿಯನ್ನು ನಿಲ್ಲಿಸುತ್ತದೆ; ಮೇಲಿನದು ಸವೆದು ಹೊಸದಾಗುತ್ತಿದ್ದರೂ ಒಳಗಿನ ಮಸಿ ಉಳಿಯುತ್ತದೆ. 1891ರಲ್ಲಿ ನ್ಯೂಯಾರ್ಕಿನ ಸ್ಯಾಮ್ಯುಯೆಲ್ ಓರೈಲಿ ಎಂಬಾತನು ಎಡಿಸನ್ನನ ವಿದ್ಯುತ್ ಲೇಖನಿಯ ಮಾದರಿಯಲ್ಲಿ ಹಚ್ಚೆಯ ಯಂತ್ರವನ್ನು ರಚಿಸಿ ಪೇಟೆಂಟ್ ಪಡೆದನು. ಆದರೂ ಕಸಬಿಗೆ ಮಾನ ಬಂದಿರಲಿಲ್ಲ. ಕಾಮಾಲೆ ಹರಡುವುದೆಂಬ ಕಾರಣದಿಂದ ಅದೇ ನ್ಯೂಯಾರ್ಕ್ ನಗರವು 1961ರಲ್ಲಿ ಹಚ್ಚೆಯಂಗಡಿಗಳನ್ನು ನಿಷೇಧಿಸಿತು. ಆ ನಿಷೇಧ ತೆರವಾದುದು 1997ರಲ್ಲಿ.

ನೆಗ್ರೆಟ್ಟೆ ಬೆಳೆದುದು ತಂದೆತಾಯಿಗಳ ಆಸರೆ ತಪ್ಪಿ, ಪರರ ಮನೆಯಲ್ಲಿ. ಮನೆಯಲ್ಲಿ ಸಿಕ್ಕದ ಬಂಧುತ್ವವನ್ನು ಹುಡುಗನು ಬೀದಿಯ ಪುಂಡರ ತಂಡದಲ್ಲಿ ಹುಡುಕಿದನು. ಫಲವೆಂದರೆ ಬಾಲಾಪರಾಧಿಗಳ ಬಂದೀಖಾನೆ, ಮತ್ತೆ ಸೆರೆಮನೆ. ಅಲ್ಲಿಯೇ ಆತನ ಕೈಗೆ ಕಸಬು ದೊರೆಯಿತು.

ಸೆರೆಮನೆಯಲ್ಲಿ ಹಚ್ಚೆಯ ಯಂತ್ರವೆಲ್ಲಿಂದ ಬರಬೇಕು? ಕ್ಯಾಸೆಟ್ ಯಂತ್ರದಿಂದ ಕಿತ್ತ ಪುಟ್ಟ ಮೋಟಾರು, ಸೂಜಿಗೆ ಬದಲಾಗಿ ಗಿಟಾರಿನ ತಂತಿ, ಮಸಿಗೆ ಏನನ್ನಾದರೂ ಸುಟ್ಟು ಹಿಡಿದ ಕಾಡಿಗೆ. ಹೀಗೆ ಕೈದಿಗಳು ತಾವೇ ಹೂಡಿಕೊಂಡ ಸಲಕರಣೆಗಳಿಂದ ಕೆಲಸ ನಡೆಯುತ್ತಿತ್ತು. ಹೊರಗಿನ ಅಂಗಡಿಗಳಲ್ಲಿ ಹಲವು ಸೂಜಿಗಳ ಕಟ್ಟು, ದಪ್ಪಗೆರೆ, ಕೆಂಪು ಹಸುರುಗಳ ಥಳುಕು. ಒಳಗೆ ಇದ್ದುದು ಒಂದೇ ಸೂಜಿ, ಒಂದೇ ಬಣ್ಣ. ಆ ಕೊರತೆಯೇ ಒಂದು ಕಲೆಯಾಯಿತು. ಕಪ್ಪನ್ನು ನೀರಿನಲ್ಲಿ ತೆಳುವಾಗಿಸಿ ಬೂದಿಬಣ್ಣದ ಛಾಯೆಗಳನ್ನು ತರುವುದು, ಕೂದಲೆಳೆಯಂಥ ಗೆರೆಯಿಂದ ಮುಖದ ಭಾವವನ್ನು ಮೂಡಿಸುವುದು—ಇದು ಮೆಕ್ಸಿಕನ್ ಮೂಲದ ಕೈದಿಗಳ ವಿಶಿಷ್ಟ ಶೈಲಿಯೆನಿಸಿತು.

1975ರಲ್ಲಿ ಚಾರ್ಲಿ ಕಾರ್ಟ್‌ರೈಟ್ ಮತ್ತು ಜಾಕ್ ರೂಡಿ ಎಂಬವರು ಪೂರ್ವ ಲಾಸ್ ಏಂಜಲಿಸ್‌ನಲ್ಲಿ ಹಚ್ಚೆಯಂಗಡಿಯೊಂದನ್ನು ತೆರೆದು ಈ ಏಕಸೂಜಿಯ ಪದ್ಧತಿಯನ್ನು ವೃತ್ತಿಗೆ ತಂದರು. 1977ರಲ್ಲಿ ಆ ಅಂಗಡಿಯಲ್ಲಿ ನೆಗ್ರೆಟ್ಟೆಗೆ ಕೆಲಸ ದೊರೆಯಿತು. ಹುಡುಗನ ಪೂರ್ವಚರಿತ್ರೆಯನ್ನು ನೋಡಿದ್ದರೆ ಯಾರೂ ಬಾಗಿಲು ತೆರೆಯುತ್ತಿರಲಿಲ್ಲ. ಅವರು ಕೈಯನ್ನು ನೋಡಿದರು. ಮೂರೇ ವರ್ಷಗಳಲ್ಲಿ, 1980ರಲ್ಲಿ, ವರ್ಷದ ಹಚ್ಚೆ ಕಲಾವಿದನೆಂಬ ಪ್ರಶಸ್ತಿ ಆತನಿಗೆ ಸಂದಿತು. ಮುಂದೆ ಚಲನಚಿತ್ರಗಳಿಗೂ ಹಚ್ಚೆಯ ವಿನ್ಯಾಸಗಳನ್ನು ಮಾಡಿಕೊಟ್ಟನು.

ಇಲ್ಲಿಗೆ ಕಥೆ ಸುಖಾಂತವಾಯಿತೆಂದು ವಾಚಕರು ಭಾವಿಸಬಾರದು. ಕೀರ್ತಿ ಬಂದ ಮೇಲೂ ಮಾದಕ ದ್ರವ್ಯದ ಚಟ ಆತನನ್ನು ಮತ್ತೆ ಮತ್ತೆ ಕೆಡವಿತು. ಬಹುಕಾಲದ ಹೋರಾಟದ ಮೇಲೆ ಅದರಿಂದ ಬಿಡಿಸಿಕೊಂಡು, ತನ್ನಂತೆ ಬಿದ್ದವರಿಗೆ ಬುದ್ಧಿ ಹೇಳುವ ಸಲಹೆಗಾರನೂ ಆದನು. 2016ರಲ್ಲಿ ತನ್ನ ಆತ್ಮಕಥೆಯನ್ನೂ ಪ್ರಕಟಿಸಿದನು. ಕಸಬೊಂದೇ ಮನುಷ್ಯನನ್ನು ಉದ್ಧರಿಸಲಾರದು. ಆದರೆ ಬಿದ್ದವನು ಮರಳಿ ಬಂದು ನಿಲ್ಲಲು ಒಂದು ನೆಲೆಯನ್ನಂತೂ ಕೊಡುತ್ತದೆ.

ಅದೇ ನಗರದಲ್ಲಿ ಗ್ರೆಗರಿ ಬಾಯ್ಲ್ ಎಂಬ ಪಾದ್ರಿಯವರು 1988ರಲ್ಲಿ ಆರಂಭಿಸಿದ ಸೇವಾಕಾರ್ಯವು ಇಂದು ದೊಡ್ಡ ಸಂಸ್ಥೆಯಾಗಿದೆ. ಪುಂಡರ ತಂಡವನ್ನು ತೊರೆದು ಬಂದವರಿಗೆ ಅಲ್ಲಿ ಉದ್ಯೋಗ ಕಲಿಸುತ್ತಾರೆ, ಮೈಮೇಲಿನ ತಂಡದ ಹಚ್ಚೆಯನ್ನು ಬಿಟ್ಟಿಯಾಗಿ ಅಳಿಸುತ್ತಾರೆ. ಮುಖದ ಮೇಲೆ ತಂಡದ ಗುರುತಿದ್ದವನಿಗೆ ಕೆಲಸ ಕೊಡುವವರಾರು? ಒಬ್ಬನಿಗೆ ಅನ್ನವಿತ್ತ ಹಚ್ಚೆ ಇನ್ನೊಬ್ಬನ ಅನ್ನಕ್ಕೆ ಅಡ್ಡಿಯಾದುದು ಹೀಗೆ.

ಮನೆಬಿಟ್ಟು ಮುಂಬಯಿಗೆ ಓಡಿಬಂದ ಎಷ್ಟೋ ಕನ್ನಡ ಹುಡುಗರು ಹಿಂದಿನ ದಿನಗಳಲ್ಲಿ ಹೋಟೆಲುಗಳಲ್ಲಿ ಲೋಟ ತೊಳೆದು, ರಾತ್ರಿಶಾಲೆಗಳಲ್ಲಿ ಅಕ್ಷರ ಕಲಿತು ಮನುಷ್ಯರಾದುದನ್ನು ನಾವು ಬಲ್ಲೆವು. ಅವರ ಹಿಂದಿನ ತಪ್ಪುಗಳನ್ನು ಗಲ್ಲೆಯ ಮೇಲಿದ್ದವರು ಕೆದಕುತ್ತ ಕುಳಿತಿದ್ದರೆ ಇಂದಿನ ಎಷ್ಟೋ ಧಣಿಗಳು ಧಣಿಗಳಾಗುತ್ತಿರಲಿಲ್ಲ. ನಮ್ಮ ನೆರೆಯಲ್ಲಿ ದಾರಿ ತಪ್ಪಿದ ತರುಣನೊಬ್ಬನಿದ್ದರೆ ಅವನಿಗೆ ಉಪದೇಶ ಮಾಡುವುದಕ್ಕೆ ಮೊದಲು ಅವನ ಕೈಗೆ ಏನು ಬರುತ್ತದೆಂದು ಕೇಳೋಣ. ಅವನು ಟ್ಯಾಟೂ ಕಲಿಯುವೆನೆಂದರೆ ನಗುವುದು ಬೇಡ. ಒಬ್ಬರಿಗೆ ಬಳಸಿದ ಸೂಜಿಯನ್ನು ಇನ್ನೊಬ್ಬರಿಗೆ ಬಳಸದ ಶುಚಿಯುಳ್ಳ ಒಳ್ಳೆಯ ಗುರುವನ್ನು ಹುಡುಕಿಕೊಡೋಣ.